ಗಾಳದ ಮೀನು, ಬಾಡಿಗೆಯ ಹಡಗು

ಅರಬಿ ಸಮುದ್ರದ ದ್ವೀಪಗಳ ಚರಿತ್ರೆ ಎಂದ ಕೂಡಲೇ ನಮ್ಮ ಪುಸ್ತಕಗಳಲ್ಲಿ ತೆಂಗು, ಕವಡೆ, ನಾರಿನ ಹಗ್ಗ ಇವು ಬರುತ್ತವೆ. ಮೀನು ಬರುವುದು ಕಡಿಮೆ. ಬಂದರೂ ದ್ವೀಪದ ಬಡವರ ಊಟವೆಂಬಂತೆ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಆದರೆ ಮಾಲ್ದೀವ್ಸ್ ಮತ್ತು ಅದರ ಉತ್ತರಕ್ಕಿರುವ ನಮ್ಮ ಮಿನಿಕಾಯ್ ದ್ವೀಪದ ಜನರು ಅನ್ನ, ಬಟ್ಟೆ, ಕಬ್ಬಿಣ, ಪಾತ್ರೆ ಎಲ್ಲವನ್ನೂ ಹೊರಗಿನಿಂದ ತರಿಸಿಕೊಂಡು ಬದುಕಿದವರು. ಅವುಗಳಿಗೆ ಬದಲಾಗಿ ಅವರು ಕೊಡುತ್ತಿದ್ದ ಸರಕುಗಳಲ್ಲಿ ಒಂದು ಟ್ಯೂನ ಮೀನು. ಒಂದು ಕೋಲು, ಒಂದು ದಾರ, ಒಂದು ಕೊಕ್ಕೆ, ಒಂದು ಸಲಕ್ಕೆ ಒಂದೇ ಮೀನು ಎಂಬ ಕ್ರಮದಲ್ಲಿ ಹಿಡಿದ ಮೀನು. ಇಂದು ಅದೇ ಮೀನಿಗಾಗಿ ಸಾಗರದಾಚೆಯ ದೇಶಗಳ ಹಡಗುಗಳು ಬರುತ್ತವೆ. ಸರಕಾರಗಳು ಹಡಗುಗಳನ್ನು ಬಾಡಿಗೆಗೆ ಕರೆಸಿದ್ದುಂಟು. ಹಣವಿದ್ದ ಪ್ರವಾಸಿಗನೂ ಒಂದು ರಾತ್ರಿಗೆ ದೋಣಿಯನ್ನು ಬಾಡಿಗೆಗೆ ಪಡೆದು ಆಳಸಮುದ್ರಕ್ಕೆ ಹೋಗಿ ಟ್ಯೂನ ಹಿಡಿದು ಫೋಟೋ ತೆಗೆಸಿಕೊಳ್ಳಬಹುದು. ಈ ಮೀನು ಯಾರದ್ದು ಎಂಬ ಪ್ರಶ್ನೆ ಅಂತಾರಾಷ್ಟ್ರೀಯ ಸಭೆಗಳಲ್ಲಿ ಚರ್ಚೆಯಾಗುತ್ತಿರುವಾಗ ಅದರ ಹಳೆಯ ಚರಿತ್ರೆಯನ್ನು ನಾವು ಒಮ್ಮೆ ನೋಡುವುದು ಅಗತ್ಯ.

ಟ್ಯೂನ ನಮಗೆ ಹೊಸದಲ್ಲ. ಮಂಗಳೂರು, ಮಲ್ಪೆಯ ಕಡೆ ಕೇದರ್, ಗೆದರ್ ಎಂದು ಕರೆಯುವುದು ಈ ಜಾತಿಯ ಮೀನುಗಳನ್ನೇ. ಮಲಯಾಳಿಗಳಿಗೆ ಅದು ಚೂರ. ಆದರೂ ನಮ್ಮ ಕರಾವಳಿಯಲ್ಲಿ ಬಂಗುಡೆ, ಬೂತಾಯಿಗೆ ಸಿಕ್ಕ ಮರ್ಯಾದೆ ಇದಕ್ಕೆ ಸಿಕ್ಕಿಲ್ಲ. ದ್ವೀಪಗಳಲ್ಲಿ ಮಾತು ಬೇರೆ. ಅಲ್ಲಿ ಮುಖ್ಯವಾಗಿ ಸಿಗುವುದು ಹೊಟ್ಟೆಯ ಮೇಲೆ ಉದ್ದುದ್ದ ಕಪ್ಪು ಪಟ್ಟೆಗಳಿರುವ ಸ್ಕಿಪ್‌ಜಾಕ್. ಮಾಲ್ದೀವ್ಸ್‌ನವರು ಇದನ್ನು ಕಳುಬಿಲ ಮಸ್ ಎನ್ನುತ್ತಾರೆ. ಮಸ್ ಎಂದರೆ ಮೀನು. ಹಳದಿ ರೆಕ್ಕೆಯ ದೊಡ್ಡ ಟ್ಯೂನ ಅವರಿಗೆ ಕನ್ನೆಲಿ. ಅಂದಹಾಗೆ ಅವರ ನಾವೆಯ ಹೆಸರು ದೋನಿ. ನಮ್ಮ ದೋಣಿಯೂ ಅದೂ ಒಂದೇ ಎಂಬುದನ್ನು ವಿವರಿಸಬೇಕಾಗಿಲ್ಲ.

ಹೊನ್ನಾವರದಿಂದ ದ್ವೀಪಗಳಿಗೆ

ದ್ವೀಪದ ಮೀನಿನ ಬಗ್ಗೆ ನಮಗೆ ಸಿಗುವ ಹಳೆಯ ವಿವರವಾದ ಬರಹ ಮೊರಾಕೋದ ಪ್ರವಾಸಿ ಇಬ್ನು ಬತೂತರದ್ದು. ದಿಲ್ಲಿಯ ಸುಲ್ತಾನ ಮುಹಮ್ಮದ್ ಬಿನ್ ತುಘಲಕ್‌ನ ರಾಯಭಾರಿಯಾಗಿ ಚೀನಾಕ್ಕೆ ಹೊರಟಿದ್ದ ಅವರು 1342ರಲ್ಲಿ ನಮ್ಮ ಕರಾವಳಿಗುಂಟ ಪ್ರಯಾಣ ಮಾಡಿದರು. ಹೊನ್ನಾವರದಲ್ಲಿ ಸುಲ್ತಾನ ಜಮಾಲುದ್ದೀನನ ಅತಿಥಿಯಾದರು. ಅಲ್ಲಿನ ಹೆಂಗಸರು ಕುರ್‌ಆನ್ ಕಂಠಪಾಠ ಮಾಡಿದ್ದನ್ನೂ, ಹುಡುಗಿಯರಿಗೆ 13 ಹಾಗೂ ಹುಡುಗರಿಗೆ 23 ಪಾಠಶಾಲೆಗಳಿದ್ದುದನ್ನೂ ಅವರು ದಾಖಲಿಸಿದ್ದಾರೆ. ಮಂಗಳೂರಿನಲ್ಲಿ ಸುಮಾರು ನಾಲ್ಕು ಸಾವಿರ ಮುಸ್ಲಿಮರಿದ್ದರೆಂದೂ, ಪರ್ಷಿಯಾ ಮತ್ತು ಯಮನ್‌ನ ವ್ಯಾಪಾರಿಗಳು ಅಲ್ಲಿ ಬಂದಿಳಿಯುತ್ತಿದ್ದರೆಂದೂ ಬರೆದಿದ್ದಾರೆ. ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಸಿಕ್ಕಿ ಅವರ ರಾಯಭಾರದ ಹಡಗುಗಳು ಹಾಳಾದವು. ಬರಿಗೈಯಲ್ಲಿ ದಿಲ್ಲಿಗೆ ಮರಳಲು ಹೆದರಿ ಅವರು ಹೊನ್ನಾವರಕ್ಕೆ ಹಿಂದಿರುಗಿದರು. ಕೊನೆಗೆ ಮತ್ತೆ ಕಲ್ಲಿಕೋಟೆಯಿಂದ ಹಡಗು ಹತ್ತಿ ಹತ್ತು ದಿನಗಳಲ್ಲಿ ಮಾಲ್ದೀವ್ಸ್ ಸೇರಿದರು. ಅದು 1343ರ ಸುಮಾರು.

ಮಾಲ್ದೀವ್ಸ್ ಇಸ್ಲಾಮನ್ನು ಸ್ವೀಕರಿಸಿ ಆಗ ಎರಡು ಶತಮಾನಗಳು ಕಳೆದಿದ್ದವು. ಖದೀಜ ಎಂಬ ಹೆಣ್ಣುಮಗಳು ಸಿಂಹಾಸನದಲ್ಲಿದ್ದಳು. ಇಬ್ನು ಬತೂತರನ್ನು ಅಲ್ಲಿ ಕಾಝಿಯನ್ನಾಗಿ ನೇಮಿಸಲಾಯಿತು. ಅವರ ಕಾಝಿಗಿರಿಯ ಗಡಸು, ಹೆಂಗಸರ ಉಡುಗೆಯ ಬಗ್ಗೆ ಅವರು ಹೊರಡಿಸಿದ ಆಜ್ಞೆ ಮತ್ತು ಅದು ಫಲಿಸದೆ ಹೋದದ್ದು, ಅವರ ಮದುವೆಗಳು ಇವೆಲ್ಲ ಆಗಾಗ ಚರ್ಚೆಗೆ ಬರುವ ವಿಷಯಗಳು. ನಮಗೆ ಈಗ ಬೇಕಾದದ್ದು ಅವರ ಊಟದ ತಟ್ಟೆ. ಕೆಂಪು ಮಾಂಸದ, ಜಿಡ್ಡಿಲ್ಲದ, ಆಡು ಕುರಿಯ ಮಾಂಸದಂತೆ ವಾಸನೆ ಬರುವ ಒಂದು ಮೀನನ್ನು ಅವರು ಅಲ್ಲಿ ಕಂಡರು. ಒಂದೊಂದು ಮೀನನ್ನೂ ನಾಲ್ಕು ಹೋಳು ಮಾಡಿ, ಸ್ವಲ್ಪ ಬೇಯಿಸಿ, ತೆಂಗಿನ ಗರಿಯ ಬುಟ್ಟಿಗಳಲ್ಲಿಟ್ಟು ಹೊಗೆಗೆ ತೂಗುಹಾಕುತ್ತಾರೆ, ಚೆನ್ನಾಗಿ ಒಣಗಿದ ಮೇಲೆ ತಿನ್ನುತ್ತಾರೆ ಎಂದು ವಿವರಿಸಿದರು. ಈ ಒಣಮೀನು ಹಿಂದೂಸ್ತಾನಕ್ಕೆ, ಚೀನಾಕ್ಕೆ, ಯಮನ್‌ಗೆ ಹೋಗುತ್ತಿತ್ತು ಎಂದೂ ತಿಳಿಸಿದ್ದಾರೆ. ಕವಡೆಯನ್ನು ಬಂಗಾಳಕ್ಕೆ ಕೊಟ್ಟು ಅಕ್ಕಿ ತರುತ್ತಿದ್ದುದೂ ಅವರ ಬರಹದಲ್ಲಿದೆ.

ಸುಮಾರು ಒಂದು ಶತಮಾನದ ಬಳಿಕ ಚೀನಾದ ನೌಕಾಧಿಪತಿ ಝೆಂಗ್ ಹೆಯ ದಂಡಿನಲ್ಲಿ ದುಭಾಷಿಯಾಗಿದ್ದ ಮಾ ಹುವಾನ್ ಕೂಡ ಇದೇ ಮೀನಿನ ಹೋಳುಗಳ ಬಗ್ಗೆ, ಅವು ಪರದೇಶಗಳಿಗೆ ಮಾರಾಟವಾಗುವ ಬಗ್ಗೆ ಬರೆದ. ಝೆಂಗ್ ಹೆ, ಮಾ ಹುವಾನ್ ಇಬ್ಬರೂ ಮುಸ್ಲಿಮರು. ಮೊರಾಕೋದವರೊಬ್ಬರು, ಚೀನಾದವನೊಬ್ಬ, ಇಬ್ಬರ ಲೇಖನಿಗೂ ಸಿಕ್ಕಿದ ಈ ಮೀನು ನಮ್ಮ ಕಣ್ಣಿಗೆ ಬೀಳದೆ ಹೋದದ್ದು ಸೋಜಿಗವೇ.

ಈ ಒಣಗಿಸುವ ಕಲೆಯ ಹಿಂದೆ ಒಂದು ಕಟ್ಟುನಿಟ್ಟಾದ ಅಗತ್ಯವಿದೆ. ಟ್ಯೂನ ಬೆಚ್ಚನೆ ರಕ್ತದ, ಎಡೆಬಿಡದೆ ಈಜುವ ಮೀನು. ಹಿಡಿದ ಮೇಲೆ ಬಿಸಿಲಿನಲ್ಲಿ ಬಿಟ್ಟರೆ ಬೇಗ ಕೆಡುತ್ತದೆ, ಕೆಟ್ಟದ್ದನ್ನು ತಿಂದರೆ ಮೈಯೆಲ್ಲ ತುರಿಕೆ, ತಲೆಸುತ್ತು. ಹಾಗಾಗಿ ದೋಣಿ ದಡ ಮುಟ್ಟಿದ ದಿನವೇ ಹೋಳು ಮಾಡಿ ಬೇಯಿಸಬೇಕು. ಈ ಕೆಲಸ ಹೆಂಗಸರದ್ದು. ಬೇಯಿಸಿ, ಹೊಗೆ ಹಿಡಿಸಿ, ದಿನಗಟ್ಟಲೆ ಬಿಸಿಲಿಗಿಟ್ಟು ತೆಗೆದರೆ ಸುಮಾರು ಐದು ಕಿಲೋ ಹಸಿಮೀನು ಒಂದು ಕಿಲೋ ಆಗುತ್ತದೆ. ಕಟ್ಟಿಗೆಯಷ್ಟು ಗಟ್ಟಿ. ತಿಂಗಳುಗಟ್ಟಲೆ ಕೆಡುವುದಿಲ್ಲ. ಬೇಯಿಸಿದ ನೀರನ್ನೂ ಚೆಲ್ಲುವುದಿಲ್ಲ. ಅದು ಗರುಧಿಯ ಎಂಬ ಸಾರು. ಅದನ್ನೇ ಬತ್ತಿಸಿ ಮಂದ ಮಾಡಿದರೆ ರಿಹಾಕುರು. ಹಿಡಿದವರು ಗಂಡಸರೆಂದು ಚರಿತ್ರೆ ಹೇಳುತ್ತದೆ, ಆದರೆ ಹಿಡಿದ ಮೀನನ್ನು ಮಾರಬಲ್ಲ ಸರಕಾಗಿಸಿದ್ದು ಒಲೆಯ ಮುಂದೆ ಕುಳಿತ ಹೆಂಗಸರು. ಮಿನಿಕಾಯಿಯಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿನ ಗಂಡಸರು ಹಡಗುಗಳಲ್ಲಿ ಕೆಲಸಕ್ಕೆ ಹೋಗಿ ವರ್ಷಗಟ್ಟಲೆ ಹೊರಗಿರುತ್ತಿದ್ದಾಗ ಊರನ್ನು ನಡೆಸಿದವರು ಅವರೇ.

ನಿನ್ನೆ ರಾತ್ರಿಯ ಎರೆ, ಇಂದಿನ ಬೇಟೆ

ಮೀನು ಹಿಡಿಯುವ ಕ್ರಮವನ್ನು ತಿಳಿಸಿದವನು ಫ್ರಾನ್ಸ್‌ನ ಫ್ರಾನ್ಸ್ವಾ ಪಿರಾರ್. 1602ರಲ್ಲಿ ಅವನಿದ್ದ ಹಡಗು ಮಾಲ್ದೀವ್ಸ್‌ನ ಹವಳದ ದಿಬ್ಬಕ್ಕೆ ಬಡಿದು ಒಡೆಯಿತು. ಬದುಕುಳಿದವನು 1607ರವರೆಗೆ ಅಲ್ಲೇ ಬಂದಿಯಂತೆ ಇದ್ದು ಭಾಷೆ ಕಲಿತ. ಕೆಲಸವಿಲ್ಲದ ಬಂದಿಗೆ ನೋಡಲು ಬೇಕಾದಷ್ಟು ಸಮಯ. ಅವನ ವಿವರಣೆಯನ್ನು ಓದಿದರೆ ನಿನ್ನೆ ಮೊನ್ನೆ ಮಿನಿಕಾಯಿಗೆ ಹೋಗಿಬಂದವರು ಹೇಳಿದಂತಿದೆ. ಹಿಂದಿನ ದಿನವೇ ಹವಳದ ದಿಬ್ಬಗಳ ಬಳಿ ಸಣ್ಣ ಮೀನುಗಳನ್ನು ಹಿಡಿದು ಜೀವಂತ ಇಟ್ಟುಕೊಳ್ಳುತ್ತಾರೆ. ದೋಣಿ ಆಳಸಮುದ್ರ ತಲುಪಿದ ಮೇಲೆ ಆ ಪುಟ್ಟ ಮೀನುಗಳನ್ನು ನೀರಿಗೆ ಎರಚುತ್ತಾರೆ. ಅಲ್ಲಿ ಅಂಥ ಮೀನು ಸಿಗುವುದು ಅಪರೂಪವಾದ್ದರಿಂದ ದೊಡ್ಡ ಮೀನುಗಳು ಹಿಂಡುಹಿಂಡಾಗಿ ಮುಗಿಬೀಳುತ್ತವೆ. ದಪ್ಪ ಬೆತ್ತದ ತುದಿಗೆ ಗಿಡ್ಡ ದಾರ, ದಾರಕ್ಕೆ ಬೆಳ್ಳಗೆ ಹೊಳೆಯುವ ಕೊಕ್ಕೆ. ಕೊಕ್ಕೆಗೆ ಎರೆಯಿಲ್ಲ. ಹೊಳಪನ್ನೇ ಪುಟ್ಟ ಮೀನೆಂದು ನಂಬಿ ಟ್ಯೂನ ಬಾಯಿ ಹಾಕುತ್ತದೆ. ಕೋಲನ್ನು ಎತ್ತಿದರೆ ಮೀನು ತಲೆಯ ಮೇಲಿಂದ ಹಾರಿ ದೋಣಿಯೊಳಗೆ ಬೀಳುತ್ತದೆ, ಕೊಕ್ಕೆ ತಾನಾಗಿ ಕಳಚುತ್ತದೆ. ಮೂರು ನಾಲ್ಕು ಗಂಟೆಗಳಲ್ಲಿ ದೋಣಿ ತುಂಬುತ್ತದೆ.

ನಮ್ಮಲ್ಲಿ ಗಾಳ ಹಾಕುವುದೆಂದರೆ ಕೊಕ್ಕೆಗೆ ಎರೆಹುಳ ಸಿಕ್ಕಿಸಿ ಹೊಳೆಯ ದಡದಲ್ಲಿ ಕಾಯುವುದು. ಇಲ್ಲಿ ಕಾಯುವುದೇ ಇಲ್ಲ. ಕೊಕ್ಕೆಗೆ ಮುಳ್ಳು ಇಲ್ಲದಿರುವುದೇ ಇದರ ಗುಟ್ಟು. ಮುಳ್ಳಿದ್ದರೆ ಪ್ರತಿ ಮೀನನ್ನೂ ಕೈಯಿಂದ ಬಿಡಿಸಬೇಕು, ಅಷ್ಟರಲ್ಲಿ ಹಿಂಡು ಮುಂದೆ ಹೋಗಿರುತ್ತದೆ. ಇನ್ನೊಂದು ಜಾಣತನ, ದೋಣಿಯ ಹಿಂಬದಿಯಿಂದ ನೀರನ್ನು ಮಳೆಯಂತೆ ಚಿಮುಕಿಸುವುದು. ನೀರಿನ ಮೇಲ್ಮೈ ಕದಡುವುದರಿಂದ ಮೀನಿಗೆ ದೋಣಿಯೂ ಕಾಣುವುದಿಲ್ಲ, ಮನುಷ್ಯನೂ ಕಾಣುವುದಿಲ್ಲ. ಹಿಂದೆ ಇದನ್ನು ಕೈಯಿಂದ ಮಾಡುತ್ತಿದ್ದರು, ಈಗ ಪಂಪು ಮಾಡುತ್ತದೆ. ಎರೆಮೀನನ್ನು ಜೀವಂತ ಇಡಲು ದೋಣಿಯ ಒಳಗೆ ಒಂದು ಕೋಣೆ. ಅದರ ತಳದಲ್ಲಿ ಉದ್ದೇಶಪೂರ್ವಕವಾಗಿ ತೂತುಗಳನ್ನು ಕೊರೆದಿರುತ್ತಾರೆ. ಒಂದು ಕಡೆಯಿಂದ ಸಮುದ್ರದ ನೀರು ಒಳಬರುತ್ತಿರಬೇಕು, ಇನ್ನೊಂದು ಕಡೆಯಿಂದ ಅದನ್ನು ಹೊರಹಾಕುತ್ತಿರಬೇಕು. ತೂತು ಬಿದ್ದ ದೋಣಿ ಮುಳುಗುತ್ತದೆಂದು ನಾವು ಕಲಿತಿದ್ದೇವೆ, ಇವರು ತೂತಿನಿಂದಲೇ ಬದುಕಿದರು.

ಈ ಪದ್ಧತಿಗೆ ತಾನಾಗಿ ಒಂದು ಮಿತಿಯಿತ್ತು ಎಂಬುದನ್ನು ಗಮನಿಸಬೇಕು. ಎರೆಮೀನು ಮುಗಿದರೆ ಬೇಟೆ ಮುಗಿಯಿತು. ತೋಳು ಸೋತರೆ ಮುಗಿಯಿತು. ಹೆಂಗಸರು ಆ ರಾತ್ರಿ ಬೇಯಿಸಲಾರದಷ್ಟು ಮೀನು ತಂದರೆ ವ್ಯರ್ಥ. ಆಮೆ, ಡಾಲ್ಫಿನ್, ಶಾರ್ಕುಗಳು ಈ ಕೊಕ್ಕೆಗೆ ಬೀಳುವುದು ತೀರಾ ಅಪರೂಪ. ಸಿಕ್ಕಿದ್ದನ್ನು ದೋಣಿಯ ಯಜಮಾನ, ನಾಯಕನಾದ ಕೆಯೊಳು ಮತ್ತು ಕೋಲು ಹಿಡಿದವರು ಪಾಲು ಹಂಚಿಕೊಳ್ಳುತ್ತಿದ್ದರು. ಯಜಮಾನನ ಪಾಲು ದೊಡ್ಡದು, ಸಮಾನತೆಯ ಸ್ವರ್ಗವೇನೂ ಅಲ್ಲ. ಆದರೂ ಅದು ಕೂಲಿಯಲ್ಲ, ಪಾಲು.

ಮಂಗಳೂರಿನ ಅಕ್ಕಿ

ಕರ್ನಾಟಕಕ್ಕೂ ಈ ದ್ವೀಪಗಳಿಗೂ ಇರುವ ನಂಟನ್ನು ನಮ್ಮವರು ಮರೆತಿದ್ದಾರೆ. ಲಕ್ಷದ್ವೀಪದ ದ್ವೀಪಗಳು ಕಣ್ಣೂರಿನ ಅರಕ್ಕಲ್ ಅರಸರಾದ ಅಲಿ ರಾಜರ ಕೈಯಲ್ಲಿದ್ದವು. ನಾರಿನ ವ್ಯಾಪಾರದ ಏಕಸ್ವಾಮ್ಯದಿಂದ ಬೇಸತ್ತ ಅಮೀನಿ ಗುಂಪಿನ ದ್ವೀಪದವರು 1780ರ ದಶಕದಲ್ಲಿ ಬಂಡೆದ್ದು ಮಂಗಳೂರಿಗೆ ಬಂದು ಟಿಪ್ಪು ಸುಲ್ತಾನನ ಆಶ್ರಯ ಕೇಳಿದರು. ಟಿಪ್ಪು ಅಲಿ ರಾಜನಿಗೆ ಬದಲಿ ಜಹಗೀರು ಕೊಟ್ಟು ಅಮೀನಿ, ಕಡಮತ್, ಕಿಲ್ತಾನ್, ಚೆಟ್ಲಾಟ್, ಬಿತ್ರ ದ್ವೀಪಗಳನ್ನು ತನ್ನ ಆಡಳಿತಕ್ಕೆ ತೆಗೆದುಕೊಂಡ. 1799ರ ಬಳಿಕ ಅವು ಈಸ್ಟ್ ಇಂಡಿಯಾ ಕಂಪನಿಗೆ ಹೋಗಿ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದವು. 1956ರ ನವೆಂಬರ್ 1ರಂದು ಕೇಂದ್ರಾಡಳಿತ ಪ್ರದೇಶ ರಚನೆಯಾಗುವವರೆಗೆ ಈ ದ್ವೀಪಗಳು ಮಂಗಳೂರಿನ ಕಲೆಕ್ಟರರ ಸುಪರ್ದಿಯಲ್ಲಿದ್ದವು. ದ್ವೀಪದ ನಾರು ಮಂಗಳೂರಿಗೆ, ಮಂಗಳೂರಿನ ಅಕ್ಕಿ ದ್ವೀಪಕ್ಕೆ. ನಾರನ್ನು ಕಂಪನಿಯ ಸರಕಾರಕ್ಕೇ ಕೊಡಬೇಕು, ಬದಲಿಗೆ ಅದು ಹೇಳಿದ ದರದಲ್ಲಿ ಅಕ್ಕಿ ಪಡೆಯಬೇಕು. ಬಂಡೆದ್ದದ್ದು ಯಾವ ಏಕಸ್ವಾಮ್ಯದ ವಿರುದ್ಧವೋ ಅದೇ ಹೊಸ ಯಜಮಾನನ ಹೆಸರಿನಲ್ಲಿ ಮರಳಿ ಬಂತು. ಮಂಗಳೂರಿನ ಬಂದರಿನಲ್ಲಿ ದ್ವೀಪಕ್ಕೆ ಸಾಮಾನು ತುಂಬುವ ಮಂಜಿಗಳನ್ನು ಕಂಡವರಿಗೆ ಈ ನಂಟಿನ ಉಳಿದ ಎಳೆ ಗೊತ್ತು.

ಮಿನಿಕಾಯ್ ಈ ಗುಂಪಿನಲ್ಲಿರಲಿಲ್ಲ. ಅದು ಇಪ್ಪತ್ತನೆಯ ಶತಮಾನದ ಆರಂಭದವರೆಗೂ ಅರಕ್ಕಲ್‌ನ ಹೆಸರಿನಲ್ಲೇ ಇತ್ತು. ಭಾಷೆಯೂ ಬೇರೆ. ಮಾಲ್ದೀವ್ಸ್‌ನ ದಿವೆಹಿಯನ್ನೇ ಅಲ್ಲಿ ಮಹಲ್ ಎನ್ನುತ್ತಾರೆ. ಟ್ಯೂನ ಹಿಡಿಯುವ ಕೋಲೂ ದಕ್ಷಿಣದಿಂದಲೇ ಬಂದದ್ದು. ಲಕ್ಷದ್ವೀಪದ ಉಳಿದ ದ್ವೀಪಗಳಿಗೆ ಈ ವಿದ್ಯೆ ಬಹುಕಾಲ ತಲುಪಿರಲಿಲ್ಲ. 1960ರ ದಶಕದಲ್ಲಿ ಮೀನುಗಾರಿಕಾ ಇಲಾಖೆ ಯಂತ್ರದ ದೋಣಿಗಳನ್ನು ತಂದಾಗ ಮಿನಿಕಾಯಿಯ ಕ್ರಮವನ್ನು ಉಳಿದವರಿಗೂ ಕಲಿಸಲಾಯಿತು. 1969ರಲ್ಲಿ ಮಿನಿಕಾಯಿಯಲ್ಲಿ ಟ್ಯೂನ ಡಬ್ಬಿ ಕಾರ್ಖಾನೆ ಬಂತು. ಸರಕಾರ ದ್ವೀಪದವರಿಗೆ ದ್ವೀಪದವರದ್ದೇ ವಿದ್ಯೆಯನ್ನು ಕಲಿಸಿದ ಈ ಉದಾಹರಣೆ ನಮಗೆ ಮೆಚ್ಚುಗೆಯಾಗುತ್ತದೆ. ಅಭಿವೃದ್ಧಿ ಎಂದರೆ ಹೊರಗಿನ ತಜ್ಞ ಬಂದು ಹಳೆಯದನ್ನು ಕಿತ್ತುಹಾಕುವುದು ಎಂಬ ನಂಬಿಕೆ ಬಲವಾಗಿದ್ದ ಕಾಲ ಅದು.

ಮಾಲ್ದೀವ್ಸ್‌ನಲ್ಲಿ ಪೆಟ್ಟು ಬಿದ್ದದ್ದು 1970ರ ದಶಕದ ಆರಂಭದಲ್ಲಿ. ಅವರ ಒಣಮೀನಿನ ದೊಡ್ಡ ಗಿರಾಕಿ ಶ್ರೀಲಂಕಾ. ವಿದೇಶಿ ವಿನಿಮಯದ ಕೊರತೆಯಿಂದ ಅದು ಆಮದಿಗೆ ಕಡಿವಾಣ ಹಾಕಿದಾಗ ಶತಮಾನಗಳ ವ್ಯಾಪಾರ ಕುಸಿಯಿತು. ಆಗ ಜಪಾನಿನ ಹಡಗುಗಳು ಬಂದು ಹಸಿಮೀನನ್ನು ಕೊಂಡು ಶೀತಲಗೊಳಿಸಿ ಒಯ್ಯತೊಡಗಿದವು. 1974ರಲ್ಲಿ ಹಾಯಿದೋಣಿಗಳಿಗೆ ಇಂಜಿನ್ ಕೂರಿಸುವ ಕೆಲಸ ಆರಂಭವಾಯಿತು. ಮೀನು ದೋಣಿಯಿಂದ ನೇರ ಹಡಗಿಗೆ ಹೋದದ್ದರಿಂದ ಹೆಂಗಸರ ಒಲೆಗಳು ತಣ್ಣಗಾದವು. ಈ ನಷ್ಟವನ್ನು ಯಾವ ಲೆಕ್ಕಪತ್ರವೂ ಬರೆದಿಡಲಿಲ್ಲ. ಇಂಜಿನ್ನಿನಿಂದ ಹಿಡಿವಳಿ ಏರಿತು, 2006ರಲ್ಲಿ ಸ್ಕಿಪ್‌ಜಾಕ್ ಒಂದರಲ್ಲೇ ಒಂದು ಲಕ್ಷ ಟನ್ನಿಗಿಂತ ಹೆಚ್ಚು. ಮಂಜುಗಡ್ಡೆಯ ಕೋಣೆಯಿರುವ ದೊಡ್ಡ ದೋಣಿಗಳು ಬಂದ ಮೇಲೆ ಬೆಳಿಗ್ಗೆ ಹೋಗಿ ಸಂಜೆ ಬರುವ ಕ್ರಮವೂ ಬದಲಾಯಿತು. ರಾತ್ರಿಯೆಲ್ಲ ದೀಪ ಹಚ್ಚಿ ಎರೆಮೀನು ಕೂಡಿಹಾಕಿ, ಬೆಳಕು ಹರಿಯುವ ಹೊತ್ತಿಗೆ ಟ್ಯೂನ ಹುಡುಕುತ್ತ, ದಿನಗಟ್ಟಲೆ ಸಮುದ್ರದಲ್ಲೇ ಉಳಿಯುವ ಕ್ರಮ ಬಂತು. ಆದರೆ ಕೋಲು ಉಳಿಯಿತು.

ಬಾಡಿಗೆಗೆ ಬಂದವರು

1980ರ ದಶಕದ ಮೊದಲರ್ಧದಲ್ಲಿ ಸೀಶೆಲ್ಸ್ ದ್ವೀಪಗಳನ್ನು ನೆಲೆಯಾಗಿಸಿಕೊಂಡು ಫ್ರಾನ್ಸ್ ಮತ್ತು ಸ್ಪೇನಿನ ದೊಡ್ಡ ಪರ್ಸೀನ್ ಹಡಗುಗಳು ಹಿಂದೂ ಮಹಾಸಾಗರಕ್ಕೆ ಬಂದವು. ಪರ್ಸೀನ್ ಎಂದರೆ ಏನೆಂದು ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ. 1970ರ ದಶಕದ ನಡುವೆ ಅದು ಮಂಗಳೂರು, ಮಲ್ಪೆಗೆ ಬಂದಾಗ ಊರಿಗೆ ಊರೇ ಕೂಡಿ ದಡದಿಂದ ಎಳೆಯುತ್ತಿದ್ದ ರಂಪಣಿ ಕೆಲವೇ ವರ್ಷಗಳಲ್ಲಿ ಮೂಲೆ ಸೇರಿತು. ಸಾಗರದ ಪರ್ಸೀನ್ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ನೀರಿನ ಮೇಲೆ ತೇಲುವ ತೆಪ್ಪಗಳನ್ನು ಯಂತ್ರದ ಕಣ್ಣಿಟ್ಟು ಬಿಟ್ಟಿರುತ್ತಾರೆ. ಅದರ ನೆರಳಿಗೆ ಮೀನು ಕೂಡುತ್ತದೆ. ಕೂಡಿದ ಮೇಲೆ ಸುತ್ತುವರಿದು ಎತ್ತುತ್ತಾರೆ. ಸ್ಕಿಪ್‌ಜಾಕ್‌ನೊಂದಿಗೆ ಇನ್ನೂ ಮೊಟ್ಟೆಯಿಡದ ಹಳದಿ ರೆಕ್ಕೆಯ ಟ್ಯೂನ ಮರಿಗಳೂ ಬಲೆಗೆ ಬೀಳುತ್ತವೆ.

ಭಾರತ ಹಿಡಿದ ದಾರಿ ಇನ್ನೊಂದು ಬಗೆಯದು. 1976ರ ಕಾಯ್ದೆಯ ಮೂಲಕ ದಡದಿಂದ 200 ನಾಟಿಕಲ್ ಮೈಲುಗಳವರೆಗಿನ ಸಮುದ್ರದ ಸಂಪತ್ತಿನ ಮೇಲೆ ನಾವು ಹಕ್ಕು ಸ್ಥಾಪಿಸಿದೆವು. ಹಕ್ಕು ಬಂತು, ಹಡಗು ಇರಲಿಲ್ಲ. 1981ರಲ್ಲಿ ಹೊಸ ಕಾಯ್ದೆಯೊಂದಿಗೆ ಚಾರ್ಟರ್ ನೀತಿ ಬಂತು. ಭಾರತೀಯ ಕಂಪನಿ ವಿದೇಶಿ ಹಡಗನ್ನು ಬಾಡಿಗೆಗೆ ತರಬಹುದು, ಮುಂದೆ ಅದೇ ಕಂಪನಿ ಸ್ವಂತ ಹಡಗು ಕೊಳ್ಳಬೇಕು ಎಂಬುದು ಷರತ್ತು. ತೈವಾನಿನ ಹಡಗುಗಳು ಬಂದವು. ಅವುಗಳಲ್ಲಿ ಟ್ಯೂನಕ್ಕಾಗಿ ಹತ್ತಾರು ಕಿಲೋಮೀಟರ್ ಉದ್ದದ ದಾರಕ್ಕೆ ಸಾವಿರಾರು ಕೊಕ್ಕೆ ಕಟ್ಟಿ ಇಡೀ ರಾತ್ರಿ ಸಮುದ್ರದಲ್ಲಿ ಬಿಡುವ ಹಡಗುಗಳೂ ಇದ್ದವು. ಕಾಗದದ ಮೇಲೆ ಭಾರತೀಯ ಹೆಸರು, ಹಡಗಿನಲ್ಲಿ ವಿದೇಶಿ ಒಡೆತನ. ನಾವೇ ಒಡೆಯರಾಗಿರುವ ಸಮುದ್ರದಲ್ಲಿ ನಮ್ಮ ಪಾತ್ರ ಹೆಸರನ್ನು ಬಾಡಿಗೆಗೆ ಕೊಡುವವರದ್ದಾಯಿತು.

1991ರ ಹೊಸ ಆಳಸಮುದ್ರ ನೀತಿ ಇದನ್ನು ಜಂಟಿ ಉದ್ಯಮವೆಂಬ ಹೆಸರಿನಲ್ಲಿ ಇನ್ನಷ್ಟು ತೆರೆದಿಟ್ಟಾಗ ಮೀನುಗಾರರು ಸುಮ್ಮನಿರಲಿಲ್ಲ. 1994ರಲ್ಲಿ ದೇಶದ ಕರಾವಳಿಯುದ್ದಕ್ಕೂ ಬಂದ್ ನಡೆಯಿತು. ಸಾಂಪ್ರದಾಯಿಕ ಮೀನುಗಾರರು ಮತ್ತು ಯಾಂತ್ರಿಕ ದೋಣಿಯವರು ತಮ್ಮ ಹಳೆಯ ಜಗಳವನ್ನು ಬದಿಗಿಟ್ಟು ಒಂದಾದದ್ದು ಆ ಹೋರಾಟದ ವಿಶೇಷ. ಕೇರಳದ ಪಾದ್ರಿ ಥಾಮಸ್ ಕೋಚೇರಿ 1995ರಲ್ಲಿ ಪೋರಬಂದರಿನಲ್ಲಿ ಉಪವಾಸ ಕುಳಿತರು. ಸರಕಾರ ನೇಮಿಸಿದ ಮುರಾರಿ ಸಮಿತಿ 1996ರಲ್ಲಿ ವರದಿ ಕೊಟ್ಟು, ಜಂಟಿ ಉದ್ಯಮ ಹಾಗೂ ಬಾಡಿಗೆ ಹಡಗುಗಳ ಪರವಾನಗಿಗಳನ್ನು ರದ್ದುಪಡಿಸಲು ಶಿಫಾರಸು ಮಾಡಿತು. ಬಳಿಕವೂ ಪರವಾನಗಿ ಪತ್ರವೆಂಬ ಬೇರೊಂದು ಹೆಸರಿನಲ್ಲಿ ವಿದೇಶದಲ್ಲಿ ಕಟ್ಟಿದ ಟ್ಯೂನ ಹಡಗುಗಳು ಬಂದವು. ಆ ಯೋಜನೆ ನಿಂತದ್ದು 2017ರಲ್ಲಿ.

ಕುರ್‌ಆನಿನ ಅಲ್ ಕಹ್ಫ್ ಅಧ್ಯಾಯದಲ್ಲಿ ಬರುವ ದೋಣಿಯ ಪ್ರಸಂಗವನ್ನು ಓದುಗರು ಬಲ್ಲರು. ಸಮುದ್ರದಲ್ಲಿ ದುಡಿಯುವ ಬಡವರ ದೋಣಿಗೆ ಖಿಝರ್(ಅ) ತೂತು ಮಾಡುತ್ತಾರೆ. ಮೂಸಾ(ಅ) ಆಕ್ಷೇಪಿಸುತ್ತಾರೆ. ಪ್ರತಿಯೊಂದು ದೋಣಿಯನ್ನು ಬಲಾತ್ಕಾರವಾಗಿ ಕಿತ್ತುಕೊಳ್ಳುವ ಅರಸನೊಬ್ಬ ಅವರ ಬೆನ್ನಿಗಿದ್ದ, ಊನವಾದ ದೋಣಿ ಅವನ ಕಣ್ಣಿನಿಂದ ಪಾರಾಯಿತು ಎಂಬುದು ಮುಂದೆ ತಿಳಿಯುತ್ತದೆ. ದೋಣಿ ಇದ್ದರೂ ಅವರನ್ನು ಬಡವರೆಂದೇ ಕರೆಯಲಾಗಿದೆ ಎಂಬುದರ ಕಡೆಗೆ ವ್ಯಾಖ್ಯಾನಕಾರರು ಗಮನ ಸೆಳೆದಿದ್ದಾರೆ. ಸಮುದ್ರದ ಬೇಟೆಯನ್ನು ಕುರ್‌ಆನ್ ಧಾರಾಳವಾಗಿ ಅನುಮತಿಸಿದೆ. ಆದರೆ ಬೇಟೆಯಾಡುವವನ ಸಾಧನವನ್ನು ಕಸಿಯುವವನನ್ನು ಅದು ಯಾವ ಸಾಲಿನಲ್ಲಿ ನಿಲ್ಲಿಸಿದೆ ಎಂಬುದೂ ಅಷ್ಟೇ ಸ್ಪಷ್ಟ.

ಬಾಡಿಗೆಯ ಇನ್ನೊಂದು ಕವಲು ಮೋಜಿನದ್ದು. ಅದರ ಹುಟ್ಟು ಬೇರೆ ಸಾಗರದಲ್ಲಿ. ಅಮೆರಿಕದ ಕ್ಯಾಲಿಫೋರ್ನಿಯದ ಕಟಲೀನ ದ್ವೀಪದಲ್ಲಿ 1898ರಲ್ಲಿ ಚಾರ್ಲ್ಸ್ ಹೋಲ್ಡರ್ ಎಂಬವನು 183 ಪೌಂಡಿನ ಟ್ಯೂನವನ್ನು ರಾಟೆಯ ಗಾಳದಲ್ಲಿ ಹಿಡಿದ. ಅದೇ ವರ್ಷ ಅಲ್ಲಿ ಟ್ಯೂನ ಕ್ಲಬ್ ಹುಟ್ಟಿತು. ದೋಣಿ ಮತ್ತು ದೋಣಿಯವನು ಬಾಡಿಗೆಗೆ, ಮೀನು ಹಿಡಿದ ಕೀರ್ತಿ ಬಾಡಿಗೆ ಕೊಟ್ಟವನಿಗೆ. ಇಂದು ಅದು ದೊಡ್ಡ ಉದ್ಯಮ. ಸಂಜೆ ಹೊರಟು, ದೋಣಿಯಲ್ಲೇ ಮಲಗಿ, ನಸುಕಿಗೆ ಆಳಸಮುದ್ರ ಸೇರುವ ಪ್ರವಾಸಗಳು ಹಲವು ದೇಶಗಳಲ್ಲಿವೆ. 1972ರಲ್ಲಿ ಪ್ರವಾಸೋದ್ಯಮಕ್ಕೆ ತೆರೆದುಕೊಂಡ ಮಾಲ್ದೀವ್ಸ್‌ನಲ್ಲೂ ಇವೆ. ಹಿಡಿದು ತಿಂದರೆ ಆಕ್ಷೇಪವಿಲ್ಲ. ಜೀವವಿರುವುದನ್ನು ಗುರಿಯಾಗಿಸಿ ಆಡುವುದನ್ನು ಪ್ರವಾದಿ(ಸ) ನಿಷೇಧಿಸಿದ್ದಾರೆ ಎಂಬುದನ್ನು ಮಾತ್ರ ನಾವು ನೆನಪಿಡಬೇಕು. ನಮ್ಮ ಆತಂಕ ಬೇರೆ. ಪ್ರವಾಸಿಗನ ಒಂದು ರಾತ್ರಿಯ ಬಾಡಿಗೆ ಒಂದು ದಿನದ ಮೀನಿಗಿಂತ ಹೆಚ್ಚು ತಂದರೆ ಕೋಲು ಹಿಡಿಯುವ ಹುಡುಗ ಯಾಕೆ ಉಳಿಯಬೇಕು? 2024ರ ಜನವರಿಯಲ್ಲಿ ಪ್ರಧಾನಿಯವರ ಭೇಟಿಯ ಬಳಿಕ ಲಕ್ಷದ್ವೀಪದ ಪ್ರವಾಸೋದ್ಯಮದ ಬಗ್ಗೆ ಎದ್ದ ಉತ್ಸಾಹದಲ್ಲಿ ಈ ಪ್ರಶ್ನೆ ಕೇಳಿದವರು ಕಡಿಮೆ.

ದ್ವೀಪದವರು ಮಾಡಿದ್ದೆಲ್ಲ ನಿರ್ದೋಷ ಎಂದು ನಾವು ಹೇಳುವುದಿಲ್ಲ. ಎರೆಮೀನಿಗಾಗಿ ಹವಳದ ದಿಬ್ಬಗಳ ಮೇಲೆ ಒತ್ತಡ ಹೆಚ್ಚಿದೆ. ರಾತ್ರಿಯ ದೀಪಗಳು ಪ್ರಖರವಾಗುತ್ತಲೇ ಇವೆ. ಹಳದಿ ರೆಕ್ಕೆಯ ಟ್ಯೂನಕ್ಕೆ ಹೊರದೇಶದಲ್ಲಿ ಬೆಲೆ ಏರಿದ ಮೇಲೆ ಮಾಲ್ದೀವ್ಸ್‌ನ ಕೈದಾರದ ದೋಣಿಗಳೂ ಅದನ್ನು ಸಾಕಷ್ಟು ಹಿಡಿದವು. 2015ರಲ್ಲಿ ಹಿಂದೂ ಮಹಾಸಾಗರ ಟ್ಯೂನ ಆಯೋಗ ಈ ಮೀನನ್ನು ಮಿತಿಮೀರಿ ಹಿಡಿಯಲಾಗಿದೆ ಎಂದು ಸಾರಿತು. 2024ರ ಹೊಸ ಅಂದಾಜಿನಲ್ಲಿ ಆ ಪಟ್ಟಿಯಿಂದ ಹೊರತೆಗೆದರು ಎಂಬುದು ಸಮಾಧಾನದ ಮಾತು.

ಆದರೂ ತೂಕ ಒಂದೇ ಅಲ್ಲ. ಮಾಲ್ದೀವ್ಸ್‌ನ ಕೋಲುಮೀನಿಗೆ 2012ರಲ್ಲಿ ಅಂತಾರಾಷ್ಟ್ರೀಯ ಪರಿಸರ ಪ್ರಮಾಣಪತ್ರ ಸಿಕ್ಕಿತು. ಎರಡು ವರ್ಷಗಳಲ್ಲೇ, 2014ರಿಂದ, ಯುರೋಪಿಯನ್ ಒಕ್ಕೂಟದ ಸುಂಕ ವಿನಾಯಿತಿ ಕೈತಪ್ಪಿತು. ಕಾರಣ, ಮಾಲ್ದೀವ್ಸ್ ಕಡುಬಡ ದೇಶಗಳ ಪಟ್ಟಿಯಿಂದ ಮೇಲೇರಿತ್ತು. ಡಬ್ಬಿಯ ಟ್ಯೂನದ ಮೇಲೆ ಸುಂಕ ಶೇಕಡಾ 20ನ್ನು ಮೀರಿತು. ಒಂದೊಂದಾಗಿ ಹಿಡಿದದ್ದಕ್ಕೆ ಹೊಗಳಿಕೆ, ಮಾರಲು ಹೋದರೆ ದಂಡ. 2016ರಲ್ಲಿ ಮಾಲ್ದೀವ್ಸ್ ಮುಂದಿಟ್ಟ ನಿಯಮವೊಂದನ್ನು ಆಯೋಗ ಒಪ್ಪಿತು. ಸ್ಕಿಪ್‌ಜಾಕ್ ಎಷ್ಟು ಉಳಿದಿದೆ ಎಂಬ ಅಂದಾಜಿನ ಮೇಲೆ ಎಷ್ಟು ಹಿಡಿಯಬಹುದೆಂಬ ಮಿತಿ ನಿಗದಿಯಾಗಬೇಕು ಎಂಬುದು ಅದರ ತಿರುಳು. ಮುಂದಿನ ವರ್ಷಗಳಲ್ಲೇ ಆ ಮಿತಿ ದಾಟಿತು. 2023ರ ಫೆಬ್ರವರಿಯಲ್ಲಿ ಮೊಂಬಾಸದಲ್ಲಿ ಸೇರಿದ ಸಭೆ ವರ್ಷಕ್ಕೆ 72 ದಿನ ತೇಲುವ ತೆಪ್ಪಗಳ ಬಳಕೆಯನ್ನು ನಿಲ್ಲಿಸಬೇಕೆಂದು ಬಹುಮತದಿಂದ ನಿರ್ಣಯಿಸಿತು. ಇಂಡೋನೇಷ್ಯದ ಮುಂದಾಳತ್ವದಲ್ಲಿ ಕರಾವಳಿ ದೇಶಗಳು ತಂದ ನಿರ್ಣಯ ಅದು. ಯುರೋಪಿಯನ್ ಒಕ್ಕೂಟ ಮತ್ತು ಇತರ ಹಲವು ಸದಸ್ಯರು ಆಕ್ಷೇಪ ಸಲ್ಲಿಸಿದರು. ಆಯೋಗದ ನಿಯಮದ ಪ್ರಕಾರ ಆಕ್ಷೇಪ ಹೆಚ್ಚಾದರೆ ನಿರ್ಣಯ ಯಾರನ್ನೂ ಕಟ್ಟಿಹಾಕುವುದಿಲ್ಲ. ಹಾಗೆಯೇ ಆಯಿತು. ತೆಪ್ಪಗಳು ತೇಲುತ್ತಲೇ ಇದ್ದವು.

ನಮ್ಮಲ್ಲಿ 2025ರ ನವೆಂಬರಿನಲ್ಲಿ ಕೇಂದ್ರ ಸರಕಾರ 200 ಮೈಲುಗಳೊಳಗಿನ ಮೀನುಗಾರಿಕೆಗೆ ಹೊಸ ನಿಯಮಾವಳಿ ಪ್ರಕಟಿಸಿತು. ಟ್ಯೂನದಂಥ ಆಳಸಮುದ್ರದ ಮೀನಿಗೆ ಅದರಲ್ಲಿ ಮಹತ್ವವಿದೆ. ವಿದೇಶಿ ಹಡಗುಗಳಿಗೆ ಅವಕಾಶವಿಲ್ಲ, ಮೀನುಗಾರರ ಸಹಕಾರ ಸಂಘಗಳಿಗೆ ಆದ್ಯತೆ, ಎಲ್‌ಇಡಿ ದೀಪದ ಮೀನುಗಾರಿಕೆಗೆ ನಿಷೇಧ ಎಂದು ಅದು ಹೇಳುತ್ತದೆ. ಅಂಡಮಾನ್ ಮತ್ತು ಲಕ್ಷದ್ವೀಪಕ್ಕಾಗಿ ತಾಯಿಹಡಗಿನ ಯೋಜನೆಯೂ ಇದೆ. ಸಣ್ಣ ದೋಣಿಗಳು ಹಿಡಿದ ಮೀನನ್ನು ಸಮುದ್ರದ ನಡುವೆಯೇ ದೊಡ್ಡ ಹಡಗು ಕೊಳ್ಳುತ್ತದೆ. 1970ರ ದಶಕದಲ್ಲಿ ಮಾಲ್ದೀವ್ಸ್‌ಗೆ ಬಂದ ಜಪಾನಿನ ಹಡಗುಗಳ ಕೆಲಸವೂ ಇದೇ ಆಗಿತ್ತು. ಆಗ ಮೀನಿಗೆ ಬೆಲೆ ಕಟ್ಟಿದ್ದು ಹಡಗು, ಒಲೆ ಆರಿದ್ದು ದಡದಲ್ಲಿ. ಮಿನಿಕಾಯಿಯ ಬಳಿ ಬಂದು ನಿಲ್ಲುವ ತಾಯಿಹಡಗು ದ್ವೀಪದವರ ಸಂಘದ್ದೇ ಆಗಿರುತ್ತದೋ, ಹೆಸರು ಮಾತ್ರ ಸಂಘದ್ದಾಗಿ ಹಣ ಬೇರೆಯವರದ್ದಾಗಿರುತ್ತದೋ, ಮಸ್ ಬೇಯಿಸುವ ಹೆಂಗಸರಿಗೆ ಎಷ್ಟು ಮೀನು ದಡಕ್ಕೆ ಬರುತ್ತದೋ, ಇವನ್ನು ಪರವಾನಗಿ ಕೊಡುವ ಮೊದಲೇ ಕೇಳಬೇಕಾಗಿದೆ. ಕೇಳಬೇಕಾದವರಲ್ಲಿ ಮಂಗಳೂರು, ಮಲ್ಪೆಯ ನಾವೂ ಸೇರಿದ್ದೇವೆ.